ಪಿಳ್ಳಮ್ಮನವರ ಹಸಿರು ಸ್ಟ್ರಿಪ್ಪು

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ನರ ಹಿಡಿಯುವುದು ಹೇಗೆ ಅಂತ. ನರ ಇವತ್ತಲ್ಲ ನಾಳೆ ಸಿಗುತ್ತದೆ, ಅದಕ್ಕೆ ಗುರು ಬೇಡ. ಕಲಿಯಬೇಕಾಗಿರುವುದು ಅನುಮಾನ ಪಡುವುದನ್ನು. ಬಾಟಲಿಯಲ್ಲಿ ಬಂದ ಮೂತ್ರ ಅದನ್ನು ಕೊಟ್ಟವರದ್ದೇನಾ? ಏನೂ ತಿಂದಿಲ್ಲ ಕುಡಿದಿಲ್ಲ ಅನ್ನುವವರ ಮೀಸೆಯ ಮೇಲೆ ಕಾಫಿ ನೊರೆ ಯಾಕಿದೆ? ಯಂತ್ರ ಬೆಳಗಿನಿಂದ ಎಲ್ಲರ ರಕ್ತಕ್ಕೂ ಒಂದೇ ರಾಗ ಯಾಕೆ ಹಾಡುತ್ತಿದೆ? ಈ ಕೆಲಸದಿಂದ ನನಗೆ ಅನುಮಾನದ ಬುದ್ಧಿ ಬಂತು ಅಂತ ನಾನು ಹೇಳಿಕೊಂಡು ತಿರುಗುತ್ತೇನೆ. ಮದುವೆಯಾದ ದಿನವೇ ಇತ್ತು ಅಂತ ನನ್ನ ಹೆಂಡತಿ ಹೇಳುತ್ತಾಳೆ.

ನಾನು ನಂಜುಂಡಪ್ಪ, ಯಲಹಂಕದ ಹಳೇ ಊರಿನವನು. ವಿಮಾನಗಳೆಲ್ಲ ದೇವನಹಳ್ಳಿ ಕಡೆ ಹೋದ ವರ್ಷ, 2008ರಲ್ಲಿ, ಕೊಡಿಗೇಹಳ್ಳಿಯ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದೆ. 2019ರಲ್ಲಿ ಮೊಣಕಾಲು ಮೆಟ್ಟಿಲು ಹತ್ತಲ್ಲ ಅಂತ ಹಟ ಹಿಡಿದ ಮೇಲೆ ಬಿಟ್ಟೆ. ಅದಕ್ಕೆ ಮುಂಚೆ ಬೇರೆ ಕಡೆ ಕೆಲಸ ಮಾಡಿದ್ದೆ, ಅದರ ಸುದ್ದಿ ಇಲ್ಲಿ ಬೇಡ. ಲ್ಯಾಬ್ ಇದ್ದದ್ದು ಒಂದು ಹಳೇ ಮನೆಯ ಮುಂದಿನ ಎರಡು ಕೋಣೆಯಲ್ಲಿ. ಒಂದು ಕಾಲದಲ್ಲಿ ಅಲ್ಲಿ ರಾಗಿ ಮೂಟೆ ಇಡುತ್ತಿದ್ದರಂತೆ, ಬೇಸಿಗೆಯಲ್ಲಿ ಆಗಲೂ ಗೋಡೆಯಿಂದ ಆ ವಾಸನೆ ಬರುತ್ತಿತ್ತು. ನಡೆಸುತ್ತಿದ್ದವರು ಒಬ್ಬ ಡಾಕ್ಟರಮ್ಮ. ಅವರನ್ನು ನಾವೆಲ್ಲ ಮೇಡಂ ಅನ್ನುತ್ತಿದ್ದೆವು, ಇಲ್ಲೂ ಹಾಗೇ ಅನ್ನುತ್ತೇನೆ.

ಮೇಡಂ ನನಗಿಂತ ದೊಡ್ಡ ಅನುಮಾನದವರು. ನಾನು ಸೇರಿದಾಗ ಬಿಳಿ ರಕ್ತಕಣಗಳನ್ನು ಗೆರೆ ಎಳೆದ ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು, ಒಂದೊಂದಾಗಿ ಎಣಿಸುತ್ತಿದ್ದೆವು. ಆಮೇಲೆ ಯಂತ್ರ ಬಂತು. ಈ ಕಡೆ ರಕ್ತ ಕುಡಿದು ಆ ಕಡೆ ಚೀಟಿ ಹಾಕುತ್ತಿತ್ತು. ಇನ್ನು ಕಣ್ಣಿಗೆ ರಜೆ ಅಂದುಕೊಂಡರೆ ಮೇಡಂ ಬಿಡಲಿಲ್ಲ. "ನಂಜುಂಡಪ್ಪ, ಅದಕ್ಕೆ ಎಣಿಸೋಕೆ ಬರುತ್ತೆ, ನೋಡೋಕೆ ಬರಲ್ಲ. ಚೀಟಿ ವಿಚಿತ್ರವಾಗಿ ಬಂದ್ರೆ ಸ್ಲೈಡ್ ಮಾಡಿ" ಅಂದರು.

ಅವರ ಮಾತು ಒಂದು ಡೆಂಗ್ಯೂ ಸೀಸನ್ನಿನಲ್ಲಿ ನಿಜವಾಯಿತು. ಜಕ್ಕೂರು ಕಡೆಯ ಒಬ್ಬ ಯುವಕನ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿದೆ ಅಂತ ಯಂತ್ರ ಹೇಳಿತು. ಅವನ ಕಡೆಯವರು ಲ್ಯಾಬಿನ ಬಾಗಿಲಲ್ಲೇ ಅಳುವುದಕ್ಕೆ ಶುರು ಮಾಡಿದರು. ಮೇಡಂ ಸ್ಲೈಡ್ ನೋಡಿದರು. ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು, ಯಂತ್ರ ಒಂದೊಂದು ಗುಂಪನ್ನೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೇರೆ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದಾಗ ಎಲ್ಲ ಸರಿಯಾಗಿತ್ತು. ಆದರೆ ಈ ಎರಡು ಪರೀಕ್ಷೆಗಳ ನಡುವೆ ಅವನ ಸೋದರಮಾವ ಎಲ್ಲಿಂದಲೋ ಪರಂಗಿ ಎಲೆ ತಂದು, ಅರೆದು, ರಸ ಕುಡಿಸಿಬಿಟ್ಟಿದ್ದ. ಕೀರ್ತಿಯೆಲ್ಲ ಪರಂಗಿ ಎಲೆಗೆ ಹೋಯಿತು. ಮೇಡಂ ಎಷ್ಟು ಬಿಡಿಸಿ ಹೇಳಿದರೂ ಆ ಮಾವ ನಗುತ್ತಾ ತಲೆಯಾಡಿಸಿ, "ಇರ್ಲಿ ಮೇಡಂ, ನಿಮ್ ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ಲ ಬಿಡಿ" ಅಂದು ಹೋದ. ನನಗೆ ಆವತ್ತು ನಗು ಬಂದಿತ್ತು. ಮುಂದೆ ಇದೇ ಕಥೆ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆ ಅಂತ ಗೊತ್ತಿರಲಿಲ್ಲ.

ಇನ್ನೊಂದು ಹೇಳಬೇಕು, ಅದು ಸಂಕ್ರಾಂತಿಯದು. ಯಲಹಂಕದ ಒಂದು ಬಡಾವಣೆಯ ಸಂಘದವರು ಹಬ್ಬದ ದಿನವೇ ಉಚಿತ ಸಕ್ಕರೆ ಪರೀಕ್ಷೆ ಇಟ್ಟುಕೊಂಡರು. ಶಾಮಿಯಾನ, ಮೈಕು, ಎಲ್ಲ ಇತ್ತು. ನಾನು ಗ್ಲೂಕೋಮೀಟರ್ ಹಿಡಿದು ಕೂತೆ. ಮೊದಲ ಹೆಂಗಸಿಗೆ ಸಕ್ಕರೆ ಜಾಸ್ತಿ. ಎರಡನೆಯವರಿಗೂ ಜಾಸ್ತಿ. ಅವರ ಗಂಡನಿಗೆ ಇನ್ನೂ ಜಾಸ್ತಿ. ಸಂಘದ ಅಧ್ಯಕ್ಷರು ಮೈಕ್ ಹಿಡಿದು, "ನಮ್ಮ ಬಡಾವಣೆಯ ಆರೋಗ್ಯದ ಸ್ಥಿತಿ ನೋಡಿ" ಅಂತ ಭಾಷಣವನ್ನೇ ಶುರು ಮಾಡಿದರು. ನಾನು ಮೊದಲು ಸ್ಟ್ರಿಪ್ಪಿನ ಡಬ್ಬಿ ಬಿಸಿಲಿಗೆ ಕೆಟ್ಟಿದೆ ಅಂತ ಅನುಮಾನಪಟ್ಟೆ, ಆಮೇಲೆ ಮೀಟರ್ ಮೇಲೆ. ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ತಟ್ಟೆ ಹಿಡಿದು ಬಂದು ನನ್ನ ಕೈಗೂ ಎಳ್ಳುಬೆಲ್ಲ ಹಾಕಿದರು. ಬೆರಳು ನೆಕ್ಕಿಕೊಳ್ಳುವಾಗ ತಲೆಗೆ ಹೊಳೆಯಿತು. ಬೆಳಗಿನಿಂದ ಮನೆಮನೆಗೆ ಎಳ್ಳುಬೆಲ್ಲ ಬೀರಿ ಬಂದ ಬೆರಳುಗಳನ್ನೇ ನಾನು ಚುಚ್ಚುತ್ತಿದ್ದೆ! ಕೊಳಾಯಿ ಹತ್ತಿರ ಕರೆದುಕೊಂಡು ಹೋಗಿ ಸೋಪು ಹಾಕಿ ಕೈ ತೊಳೆಸಿ ಮತ್ತೆ ಚುಚ್ಚಿದರೆ ಅರ್ಧ ಬಡಾವಣೆಯ ಡಯಾಬಿಟಿಸ್ ವಾಸಿಯಾಯಿತು. ಅಧ್ಯಕ್ಷರಿಗೆ ಭಾಷಣ ವಾಪಸ್ ತೆಗೆದುಕೊಳ್ಳುವುದು ಕಷ್ಟವಾಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಸ್ಟ್ರಿಪ್ ಯಾವತ್ತೂ ಸುಳ್ಳು ಹೇಳುವುದಿಲ್ಲ. ತನಗೆ ಏನು ತಾಕಿತೋ ಅದನ್ನು ಹೇಳುತ್ತದೆ. ತಾಕಿದ್ದು ಏನು ಅಂತ ಕೇಳಬೇಕಾದವರು ನಾವು.

ನೋಟು ಬದಲಾದ ವರ್ಷದ ಆಸುಪಾಸಿನಲ್ಲಿ ಲ್ಯಾಬಿಗೆ ಟೈ ಕಟ್ಟಿದ ಒಬ್ಬ ಮನುಷ್ಯ ಬಂದ. ಅವನ ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬೆರಳುದ್ದದ ಕಾಗದದ ಸ್ಟ್ರಿಪ್ಪುಗಳು.

"ಸಾರ್, ಮನೇಲೇ ಕೂತು ಇಮ್ಯೂನಿಟಿ ಚೆಕ್ ಮಾಡ್ಕೋಬೋದು. ಸೂಜಿ ಬೇಡ, ಬ್ಲಡ್ ಬೇಡ, ಫಾಸ್ಟಿಂಗ್ ಬೇಡ. ನಾಲ್ಗೆ ಮೇಲೆ ಇಟ್ರೆ ಸಾಕು. ಹಸಿರು ಬಂದ್ರೆ ರೋಗನಿರೋಧಕ ಶಕ್ತಿ ಸೂಪರ್, ಹಳದಿ ಬಂದ್ರೆ ವೀಕು. ಕಡ್ಲೆಕಾಯಿ ರೇಟು ಸಾರ್."

ನನ್ನ ನಾಲಿಗೆಗೇ ಒಂದನ್ನು ಇಟ್ಟ. ಹಳದಿ ಬಂತು. ಅವನ ಮುಖದಲ್ಲಿ ನನ್ನ ಬಗ್ಗೆ ಎಷ್ಟು ಮರುಕ ಅಂದರೆ ನನಗೇ ಒಂದು ಕ್ಷಣ ಮೈ ಸೋತ ಹಾಗಾಯಿತು. ಆಮೇಲೆ ಬ್ಯಾಗಿನಿಂದ ಒಂದು ಪುಡಿ ತೆಗೆದು ನೀರಿಗೆ ಹಾಕಿ ಕುಡಿಸಿದ. ಮತ್ತೊಂದು ಸ್ಟ್ರಿಪ್ ಇಟ್ಟರೆ ಹಸಿರು.

"ಅಷ್ಟು ಬೇಗ ಶಕ್ತಿ ಬಂದ್ಬಿಡ್ತಾ?" ಅಂದೆ.

"ಅದೇ ಸಾರ್ ನಮ್ ಪ್ರಾಡಕ್ಟ್ ವಿಶೇಷ."

ಒಳಗಿನಿಂದ ಮೇಡಂ ಬಂದರು. ಪುಡಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ, "ಅಡುಗೆ ಸೋಡಾ" ಅಂದರು. ಒಂದು ಸ್ಟ್ರಿಪ್ಪನ್ನು ತಮ್ಮ ಊಟದ ಡಬ್ಬಿಯ ನಿಂಬೆ ಉಪ್ಪಿನಕಾಯಿಗೆ ಅದ್ದಿದರು, ಗಾಢ ಹಳದಿ. ಇನ್ನೊಂದನ್ನು ಸೋಪಿನ ನೀರಿಗೆ ಅದ್ದಿದರು, ಕಡು ಹಸಿರು. "ನಂಜುಂಡಪ್ಪ, ನಮ್ಮ ಯೂರಿನ್ ಸ್ಟ್ರಿಪ್ಪಲ್ಲಿ ಚೌಕಗಳಿರುತ್ತಲ್ಲ, ಅದ್ರಲ್ಲಿ ಪಿಎಚ್ ಚೌಕ ಒಂದೇ ಇದ್ದಂಗಿದೆ ಇದು. ಹುಳಿ ಇದ್ರೆ ಹಳದಿ, ಕ್ಷಾರ ಇದ್ರೆ ಹಸಿರು. ಕಾಗದ ಒಳ್ಳೇದೇ, ಹೆಸರು ಮಾತ್ರ ಬೇರೆಯವರದ್ದು" ಅಂದರು. ಟೈನವನು ಬೇಜಾರು ಮಾಡಿಕೊಳ್ಳದೆ ಡಬ್ಬಿ ಮುಚ್ಚಿ, ನಮಸ್ಕಾರ ಹೇಳಿ ಹೋದ. ಆ ನಮಸ್ಕಾರವೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಮನೆಯಲ್ಲಿ ಮಾಡಿಕೊಳ್ಳುವ ಪರೀಕ್ಷೆಗಳೆಲ್ಲ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಸಕ್ಕರೆಯ ಸ್ಟ್ರಿಪ್ ಎಷ್ಟೋ ಮನೆ ಉಳಿಸಿದೆ. ನಿಜವಾದ ಕೆಲಸ ಮಾಡುವ, ಬಡವರ ಕೈಗೆ ಎಟಕುವ ಸ್ಟ್ರಿಪ್ಪುಗಳು ಇನ್ನೂ ಬರಲಿ. ಆದರೆ ನಮ್ಮ ಟೈನವನು ಅಪಾರ್ಟ್‌ಮೆಂಟುಗಳ ಕಡೆ ನಡೆದ.

ಈಗ ಪಿಳ್ಳಮ್ಮನವರ ಮಾತು. ಅಲ್ಲಾಳಸಂದ್ರದ ಕೆರೆಯ ಹತ್ತಿರ ಅವರ ಹಳೇ ಹೆಂಚಿನ ಮನೆ, ಸುತ್ತ ಎದ್ದ ಕಟ್ಟಡಗಳ ನಡುವೆ ತಗ್ಗಿನಲ್ಲಿ ಕೂತಿತ್ತು. ಪ್ರಾಯದಲ್ಲಿ ಸೊಪ್ಪು ಬೆಳೆದು ಯಲಹಂಕದ ಸಂತೆಗೆ ಹೊತ್ತು ಮಾರಿದವರು. ವಯಸ್ಸಾದ ಮೇಲೆ ಕೀಲುವಾತ ಬಂದು ಬೆರಳುಗಳೆಲ್ಲ ಸೊಟ್ಟಗಾಗಿದ್ದವು. ಹೆಬ್ಬಾಳದ ದೊಡ್ಡ ಆಸ್ಪತ್ರೆಯ ಡಾಕ್ಟರು ವಾರಕ್ಕೊಮ್ಮೆ ನುಂಗುವ ಒಂದು ಮಾತ್ರೆ ಕೊಟ್ಟಿದ್ದರು. ಆ ಮಾತ್ರೆ ನೋವನ್ನು ಹಿಡಿಯುತ್ತದೆ, ಆದರೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನೂ ಕೊಂದುಹಾಕುತ್ತದೆ. ಹಾಗಾದರೆ ಒಂದು ಸಣ್ಣ ಸೋಂಕು ಸಾಕು, ಮನುಷ್ಯ ಉಳಿಯುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ರಕ್ತ ನೋಡಲೇಬೇಕು. ಅವರ ಮನೆಗೆ ಹೋಗಿ ರಕ್ತ ತರುವುದು ನನ್ನ ಪಾಲಿಗೆ ಬಂದಿತ್ತು.

"ಬಂದ್ಯಾ ರಕ್ತದೋನೆ? ಓದ್ ತಿಂಗ್ಳು ತಗಂಡೋದದ್ದು ಏನ್ ಮಾಡ್ದೆ? ಅದ್ನೇ ಇನ್ನೊಂದ್ ಕಿತ ನೋಡ್ಬಾರ್ದಾ?" ಇದು ಪ್ರತಿ ಸಲದ ಸ್ವಾಗತ.

"ಅದು ಹಳೇದಾಯ್ತಲ್ಲ ಅಜ್ಜಿ."

"ಮುದ್ದೆ ತಿಂದು ಮಾಡಿದ್ ರಕ್ತ ಕಣಪ್ಪ, ಬಿಟ್ಟಿ ಬಂದಿದ್ದಲ್ಲ."

ಅವರ ನರ ಸಿಗುತ್ತಿರಲಿಲ್ಲ. ಎರಡು ಮೂರು ಕಡೆ ಚುಚ್ಚಬೇಕಾಗುತ್ತಿತ್ತು. ಚುಚ್ಚಿ ಮುಗಿದ ಮೇಲೆ ಅವರು ನನಗೆ ಬಾಯಿ ತುಂಬಾ ಬೈದು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆಳಗ್ಗೆ ಎದ್ದ ಗಳಿಗೆಯಿಂದ ಮಲಗುವವರೆಗೆ ಅವರ ಬಾಯಲ್ಲಿ ಎಲೆಯಡಿಕೆ ಇಲ್ಲದ್ದನ್ನು ನಾನು ಕಂಡಿರಲಿಲ್ಲ.

ಮಗ ಮುನಿರಾಜು, ಲಿಫ್ಟು ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ತಾಯಿ ಅಂದರೆ ಪ್ರಾಣ. ಒಂದು ಬೆಳಗ್ಗೆ ನಾನು ಹೋದಾಗ ಬಾಗಿಲಲ್ಲೇ ತಡೆದ.

"ಸಾರ್, ಇನ್ಮೇಲೆ ನಿಮ್ಗೆ ತೊಂದ್ರೆ ಇಲ್ಲ. ನಾನ್ ಸರ್ವಿಸ್ ಮಾಡೋ ಅಪಾರ್ಟ್‌ಮೆಂಟಲ್ಲಿ ಇಮ್ಯೂನಿಟಿ ಸ್ಟ್ರಿಪ್ ಕೊಟ್ರು. ಅಮ್ಮಂಗೆ ಚುಚ್ಚೋ ಕಾಟ ತಪ್ತು. ಬನ್ನಿ, ತೋರಿಸ್ತೀನಿ."

ಅದೇ ಡಬ್ಬಿ. ತಾಯಿಗೆ ಬಾಯಿ ಮುಕ್ಕಳಿಸಲು ಹೇಳಿ ನಾಲಿಗೆಯ ಮೇಲೆ ಸ್ಟ್ರಿಪ್ ಇಟ್ಟ. ಕಡು ಹಸಿರು, ಅಂಚಿನಲ್ಲಿ ಸ್ವಲ್ಪ ಕೆಂಪು.

"ಈ ಕೆಂಪೇನು?" ಅಂದೆ.

"ಅದು ಐರನ್ ಅಂತೆ ಸಾರ್, ಕೊಟ್ಟವ್ರೇ ಹೇಳಿದ್ರು. ನಂದು ಹಳದಿ, ನನ್ ಹೆಂಡ್ತೀದು ಹಳದಿ. ಮನೇಲಿ ಅಮ್ಮಂದೇ ಫಸ್ಟ್ ಕ್ಲಾಸು!"

ಪಿಳ್ಳಮ್ಮನವರು ಹಿಗ್ಗಿ ಹೀರೇಕಾಯಿ ಆಗಿದ್ದರು. "ಕಾಗ್ದಕ್ಕೆ ಬುದ್ದಿ ಐತೆ ಕಣಯ್ಯ" ಅಂದರು. ನಾನು ಅವರ ಪಕ್ಕದಲ್ಲಿದ್ದ ಸಂಚಿಯನ್ನು ನೋಡಿದೆ. ಸಂಕ್ರಾಂತಿಯ ಎಳ್ಳುಬೆಲ್ಲ ನೆನಪಿಗೆ ಬಂತು.

"ಮುನಿರಾಜು, ಇದು ಸುಣ್ಣದ ಕೆಲ್ಸ. ಸುಣ್ಣ ಕ್ಷಾರ, ಅದಕ್ಕೇ ಹಸಿರು ಬರುತ್ತೆ. ಕೆಂಪು ಎಲೆಯಡಿಕೆ ರಸ. ಇದಕ್ಕೂ ಬಿಳಿ ರಕ್ತಕಣಕ್ಕೂ ಸಂಬಂಧಾನೇ ಇಲ್ಲ."

"ಬಾಯಿ ಮುಕ್ಕಳಿಸಿದ್ರಲ್ಲ ಸಾರ್, ನಿಮ್ ಮುಂದೇನೇ?"

"ಮುಕ್ಕಳಿಸಿದ್ರೆ ಸುಣ್ಣ ಪೂರ್ತಿ ಹೋಗಲ್ಲಪ್ಪ."

ಅವನು ನನ್ನನ್ನು ಒಂದು ತರಹ ನೋಡಿದ. "ನಿಮ್ಗೆ ಎಲ್ಲದ್ರಲ್ಲೂ ಅನುಮಾನ ಸಾರ್. ಎಲ್ರೂ ಮನೇಲೇ ನೋಡ್ಕೊಂಡ್ರೆ ನಿಮ್ ಲ್ಯಾಬ್ ಗತಿ ಏನು ಅಂತ ಇರ್ಬೇಕು."

ಆ ಮಾತು ಚುಚ್ಚಿತು. ಬೇರೆಯವರನ್ನು ಅನುಮಾನಿಸುವುದು ನನಗೆ ಊಟದಷ್ಟೇ ಸಲೀಸು, ಯಾರಾದರೂ ನನ್ನನ್ನೇ ಅನುಮಾನಿಸಿದರೆ ತಡೆಯಲು ಆಗುವುದಿಲ್ಲ. ಎದ್ದು ಬಂದುಬಿಟ್ಟೆ. ಮೇಡಂ ಆಮೇಲೆ ಅವನಿಗೆ ಫೋನ್ ಮಾಡಿ ಅದು ಬರೀ ಪಿಎಚ್ ಕಾಗದ ಅಂತ ತಾವೇ ಹೇಳಿದರು. ಆಯ್ತು ಮೇಡಂ, ಆಯ್ತು ಮೇಡಂ ಅಂದನಂತೆ. ರಕ್ತ ಮಾತ್ರ ಕೊಡಿಸಲಿಲ್ಲ.

ತಿಂಗಳುಗಳು ಕಳೆದವು. ಒಂದು ದಿನ ಬೆಳಗ್ಗೆಯೇ ಅವನ ಫೋನು. "ಸಾರ್, ಅಮ್ಮಂಗೆ ಹಳದಿ ಬಂದಿದೆ. ಈ ವಾರ ಪೂರ್ತಿ ಹಳದೀನೇ. ಬೇಗ ಬನ್ನಿ."

ಹೋದರೆ ಪಿಳ್ಳಮ್ಮನವರು ಗೋಡೆಗೊರಗಿ ಕೂತಿದ್ದರು. ನನಗೆ ಬೈಯಲಿಲ್ಲ.

"ಸುಣ್ಣ ಜಾಸ್ತಿ ಬಿದ್ದು ಬಾಯಿ ಬೆಂದೈತೆ, ಅಷ್ಟೆಯ. ಎಲೆಡ್ಕೆ ಆಕ್ಕಳಕ್ಕೆ ಆಯ್ತಿಲ್ಲ. ಮಜ್ಜಿಗೇಲಿ ಗಂಜಿ ಕುಡ್ಕಂಡಿವ್ನಿ" ಅಂದರು.

ಸುಣ್ಣಕ್ಕೆ ಬೆಂದ ಬಾಯಿ ಬೇಗ ವಾಸಿಯಾಗುತ್ತದೆ, ವಾರವಿಡೀ ಉಳಿಯುವುದಿಲ್ಲ. ಬಾಯಿ ತೆರೆಸಿ ಟಾರ್ಚ್ ಬಿಟ್ಟೆ. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ, ಎಲ್ಲ ಕಡೆ ಹುಣ್ಣು. ಮೈ ಸುಡುತ್ತಿತ್ತು. ರಕ್ತ ತೆಗೆದುಕೊಂಡು ಸ್ಕೂಟರ್ ಓಡಿಸಿದೆ. ಯಂತ್ರದ ಚೀಟಿ ಬಂದಾಗ ಯಂತ್ರ ಕೆಟ್ಟಿರಲಿ ದೇವರೇ ಅಂತ ಬೇಡಿಕೊಂಡೆ. ಮತ್ತೆ ಹಾಕಿದೆ, ಅದೇ ಬಂತು. ಸ್ಲೈಡ್ ಮಾಡಿ ಕಣ್ಣಿಟ್ಟೆ. ಎಷ್ಟು ಸರಿಸಿದರೂ ಬಿಳಿ ಕಣ ಒಂದೂ ಕಾಣಿಸದು. ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ ತಾವು ನೋಡಿದರು. ಕಣ್ಣು ಮೈಕ್ರೋಸ್ಕೋಪಿನ ಮೇಲಿದ್ದಾಗಲೇ ಅವರ ಕೈ ಫೋನಿಗೆ ಹೋಯಿತು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಅಜ್ಜಿ ಉಳಿದುಕೊಂಡರು. ಮಾತ್ರೆಯನ್ನು ನಿಲ್ಲಿಸಿ, ಆಮೇಲೆ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಎಲೆಯಡಿಕೆ ಮುಟ್ಟಬಾರದು, ತಿಂಗಳ ರಕ್ತ ತಪ್ಪಿಸಬಾರದು ಅಂತ ತಾಕೀತು ಮಾಡಿದರು.

ಮುನಿರಾಜು ಮೈಸೂರುಪಾಕಿನ ಡಬ್ಬಿ ಹಿಡಿದು ಲ್ಯಾಬಿಗೆ ಬಂದ. "ಸ್ಟ್ರಿಪ್ಪೇ ಅಮ್ಮನ್ನ ಉಳಿಸ್ತು ಸಾರ್!"

ನನಗೆ ಮೈ ಉರಿಯಿತು. "ಅಯ್ಯೋ ಮಾರಾಯ, ಕಣ ಕಮ್ಮಿಯಾಗಿ ಬಾಯಿ ಹುಣ್ಣಾಯ್ತು. ಹುಣ್ಣಾಗಿದ್ದಕ್ಕೆ ಎಲೆಯಡಿಕೆ ನಿಂತೋಯ್ತು. ಸುಣ್ಣ ಇಲ್ಲ, ಹುಳಿ ಗಂಜಿ ಇದೆ, ಅದಕ್ಕೆ ಕಾಗದ ಹಳದಿ ಆಯ್ತು. ಅದಕ್ಕೆ ಮುಂಚೆ ಕಣ ಇಳೀತಾ ಇದ್ದಾಗೆಲ್ಲ ನಿನ್ ಸ್ಟ್ರಿಪ್ಪು ಫಸ್ಟ್ ಕ್ಲಾಸು ಅಂತಾನೇ ಹೇಳ್ತಿತ್ತು!"

ಅವನು ಸಮಾಧಾನವಾಗಿ ಕೇಳಿಸಿಕೊಂಡ. "ಸರಿ ಸಾರ್. ಆದ್ರೆ ಹಳದಿ ಬಂತು ಅಂತ ತಾನೇ ನಾನ್ ನಿಮ್ಗೆ ಫೋನ್ ಮಾಡಿದ್ದು?"

ಪರಂಗಿ ಎಲೆಯ ಮಾವ ಕಣ್ಣ ಮುಂದೆ ಬಂದು ನಕ್ಕ ಹಾಗಾಯಿತು. ಆ ಟೈನವನು ಮುನಿರಾಜುವನ್ನು ಅಪಾರ್ಟ್‌ಮೆಂಟಿನ ಮೀಟಿಂಗಿಗೆ ಕರೆದುಕೊಂಡು ಹೋಗಿ, ತಾಯಿ ಉಳಿದ ಕಥೆ ಹೇಳಿಸಿ, ಡಬ್ಬಿಗಟ್ಟಲೆ ಮಾರಿದ ಅಂತ ಆಮೇಲೆ ಗೊತ್ತಾಯಿತು.

ಮುಂದೆ ಆದದ್ದು ಇನ್ನೂ ವಿಚಿತ್ರ. ಅಜ್ಜಿ ಎಲೆಯಡಿಕೆ ಬಿಟ್ಟರು. ಸ್ಟ್ರಿಪ್ಪು ದಿನಾ ಹಳದಿ ಬರತೊಡಗಿತು. ಮುನಿರಾಜುವಿಗೆ ಜೀವ ಬಾಯಿಗೆ ಬಂತು. ಹಳದಿ ಕಂಡಾಗಲೆಲ್ಲ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೆಬ್ಬಾಳಕ್ಕೆ ಓಡಿದ. ರಕ್ತ ಸರಿಯಾಗಿದೆ ಅಂತ ಡಾಕ್ಟರು ಹೇಳಿ ಕಳಿಸಿದರು. ಮತ್ತೆ ಹಳದಿ, ಮತ್ತೆ ಓಟ. ಮನುಷ್ಯ ಅರ್ಧ ಇಳಿದುಹೋದ. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ದಿನ ಫೋನ್ ಮಾಡಿ, "ಸಾರ್, ಅಮ್ಮಂಗೆ ಮತ್ತೆ ಹಸಿರು ಬಂತು! ಇನ್ನು ಬ್ಲಡ್ ಬೇಡ, ಪಾಪ ಅವ್ರಿಗೆ ಸಾಕಾಗಿದೆ" ಅಂದ.

ಎಲೆಯಡಿಕೆ ಇಲ್ಲದೆ ಹಸಿರು ಎಲ್ಲಿಂದ ಬಂತು? ಮಾರನೇ ದಿನ ಬೆಳಗ್ಗೆ ಅಜ್ಜಿಯನ್ನು ನೋಡಿಕೊಂಡು ಹೋಗೋಣ ಅಂತ ಬಂದೆ ಅನ್ನುವ ನೆಪ ಹಾಕಿಕೊಂಡು ಹೋದೆ. ಅವನು ನನ್ನ ಎದುರಿಗೇ ಸ್ಟ್ರಿಪ್ ಇಟ್ಟ. ಹಸಿರು ಬಂತು, ಅಂಚಿನಲ್ಲಿ ಕೆಂಪು ಇರಲಿಲ್ಲ. ಅವನು ಖುಷಿಯಲ್ಲಿ ಬೈಕ್ ಹತ್ತಿ ಕೆಲಸಕ್ಕೆ ಹೋದ. ಸೊಸೆ ಆಗಲೇ ಗಾರ್ಮೆಂಟ್ಸಿಗೆ ಹೋಗಿದ್ದರು. ನಾನು ಅಜ್ಜಿಯ ಕೈ ಹಿಡಿದು ನೋಡಿದೆ. ತೋರುಬೆರಳಿನ ಉಗುರ ಸಂದಿಯಲ್ಲಿ ಬೆಳ್ಳಗೆ ಸುಣ್ಣ.

"ಎಲೆಯಡಿಕೆ ಬಿಟ್ಟಿದ್ದೀರಲ್ಲ ಅಜ್ಜಿ? ಇದೇನು?"

ಅವರು ಬಾಗಿಲ ಕಡೆ ನೋಡಿದರು. "ಮೆಲ್ಲಗ್ ಮಾತಾಡು. ನೀನೇ ಏಳಿದ್ಯಲ್ಲ, ಸುಣ್ಣಕ್ಕೆ ಅಸ್ರು ಬತ್ತದೆ ಅಂತ. ಒಂದ್ ಚೂರು ನಾಲ್ಗೆಗೆ ತಾಕಿಸ್ಕತೀನಿ."

"ಯಾಕೆ? ಯಾರಿಗೆ ಮೋಸ ಮಾಡ್ತಿದ್ದೀರಿ?"

"ಅಳ್ದಿ ಬಂದ್ರೆ ಅವ್ನು ಅನ್ನ ಮುಟ್ಟಕಿಲ್ಲ, ನಿದ್ದೆ ಮಾಡಕಿಲ್ಲ. ಲಿಫ್ಟು ಓಗೋ ಗುಂಡಿವಳ್ಗೆ ಇಳಿಯೋ ಕೆಲ್ಸ ಕಣಯ್ಯ ಅವಂದು. ನನ್ ಚಿಂತೆ ತಲೇಲಿಟ್ಕಂಡು ಅಲ್ಲಿ ಕಾಲಿಟ್ರೆ ಏನಾದಾತು, ನೀನೇ ಏಳು. ನಂದೇನು, ಬದುಕಿದ್ದಾಯ್ತು."

ಆ ಟೈನವನ ಮೇಲೆ, ಮುನಿರಾಜು ಮೇಲೆ, ಸ್ಟ್ರಿಪ್ಪಿನ ಮೇಲೆ, ಯಂತ್ರದ ಮೇಲೆ, ಎಲ್ಲರ ಮೇಲೂ ಅನುಮಾನಪಟ್ಟಿದ್ದೆ. ಈ ಅಜ್ಜಿಯ ಮೇಲೆ ಪಟ್ಟಿರಲಿಲ್ಲ. ಮಗನಿಗೆ ಹೇಳಿದರೆ ಅವನ ನಿದ್ದೆ ಹೋಗುತ್ತದೆ, ಹೇಳದಿದ್ದರೆ ಇನ್ನೊಂದು ಸಲ ಕಣ ಇಳಿದಾಗ ಯಾರಿಗೂ ಗೊತ್ತಾಗದೆ ಈ ಜೀವ ಹೋಗುತ್ತದೆ. ಕೊನೆಗೆ ಚೌಕಾಸಿಗೆ ಕೂತೆ.

"ನೀವು ತಿಂಗಳಿಗೊಂದ್ಸಲ ರಕ್ತ ಕೊಡಿ. ನಾನು ಸುಣ್ಣದ ವಿಷ್ಯ ಬಾಯಿ ಬಿಡಲ್ಲ."

ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡಿದ ಬಾಯಿ ಅದು. "ಅವ್ನಿಗ್ ಗೊತ್ತಾಗ್ಬಾರ್ದು. ಗೊತ್ತಾದ್ ದಿನ ನಿಂಗೆ ತೋಳ್ ನೀಡಕಿಲ್ಲ, ಸತ್ರೂ ನೀಡಕಿಲ್ಲ. ಅವ್ನ್ ಗಾಡಿ ಬಾಗ್ಲಲ್ಲಿದ್ರೆ ಬೆಲ್ ಒತ್ಬೇಡ."

ಮೇಡಂಗೆ ಹೇಳಿದೆ. ಮಗನಿಂದ ಮುಚ್ಚಿಡುವುದು ಅವರಿಗೆ ಸರಿಕಾಣಲಿಲ್ಲ, ಮುಖ ಗಂಟು ಹಾಕಿಕೊಂಡರು. ಆಮೇಲೆ, "ರಕ್ತ ಬರ್ತಾ ಇದೆಯಲ್ಲ, ಅದು ಮುಖ್ಯ. ಉಚಿತ ಕ್ಯಾಂಪಿನ ಲೆಕ್ಕಕ್ಕೆ ಹಾಕಿ. ರಿಪೋರ್ಟು ನೇರ ಹೆಬ್ಬಾಳದ ಡಾಕ್ಟರಿಗೆ ನಾನೇ ಕಳಿಸ್ತೀನಿ" ಅಂದರು.

ಅಲ್ಲಿಂದ ನನ್ನ ಕಳ್ಳ ಸವಾರಿ ಶುರುವಾಯಿತು. ಬೀದಿಯ ತುದಿಯಲ್ಲಿ ನಿಂತು ಬೈಕ್ ಇದೆಯಾ ಅಂತ ಇಣುಕುವುದು, ಇಲ್ಲದಿದ್ದರೆ ಒಳಗೆ ನುಗ್ಗುವುದು, ರಕ್ತ ತೆಗೆದು ಬೈಸಿಕೊಂಡು ಹೊರಗೆ ಬರುವುದು. ಒಂದು ಮಧ್ಯಾಹ್ನ ಅವನು ಏನೋ ಸ್ಪ್ಯಾನರ್ ಮರೆತೆ ಅಂತ ವಾಪಸ್ ಬಂದುಬಿಟ್ಟ. ನಾನು ಸೂಜಿ ಡಬ್ಬಿಯನ್ನು ಈರುಳ್ಳಿ ಬುಟ್ಟಿಗೆ ತುರುಕಿದೆ.

"ಏನ್ ಸಾರ್, ಈ ಕಡೆ?"

"ಕೆರೆ ನೋಡೋಕ್ ಬಂದಿದ್ದೆ. ಹಂಗೇ ಅಜ್ಜೀನ ಮಾತಾಡಿಸಿ..."

"ಓಹೋ, ಒಳ್ಳೇದು ಸಾರ್" ಅಂದು ಸ್ಪ್ಯಾನರ್ ತೆಗೆದುಕೊಂಡು ಹೋದ. ಅವನು ಹೋದ ಮೇಲೆ ಅಜ್ಜಿಯೂ ನಾನೂ ಮುಖ ಮುಖ ನೋಡಿಕೊಂಡು ನಕ್ಕೆವು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಅದಾದ ಮೇಲೆ ಅವನು ಮನೆಗೆ ಬರುವಾಗ ಬೀದಿ ತಿರುವಿನಲ್ಲೇ ಉದ್ದಕ್ಕೆ ಹಾರನ್ ಹೊಡೆಯುವ ಅಭ್ಯಾಸ ಮಾಡಿಕೊಂಡ. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತವೆ, ಅದಕ್ಕಿರಬೇಕು ಅಂದುಕೊಂಡೆ. ನಮಗೂ ಅನುಕೂಲವೇ ಆಯಿತು.

ಹೀಗೇ ಕೆಲಸ ಬಿಡುವವರೆಗೂ ನಡೆಯಿತು. ನಡುವೆ ಒಂದು ಸಲ ಕಣ ಇಳಿಯತೊಡಗಿದ್ದು ರಕ್ತದಲ್ಲಿ ಬೇಗನೆ ಗೊತ್ತಾಗಿ, ಡಾಕ್ಟರು ಮಾತ್ರೆ ಕಡಿಮೆ ಮಾಡಿ ಸರಿಮಾಡಿದರು. ಆ ದಿನಗಳಲ್ಲೂ ಸ್ಟ್ರಿಪ್ಪು ಹಸಿರಾಗಿಯೇ ಇತ್ತು.

ಕೊನೆಯ ಸಲ ರಕ್ತ ತೆಗೆದ ದಿನ ಅಜ್ಜಿಗೆ ಹೇಳಿದೆ, ಇನ್ನು ಮೇಲೆ ಶ್ವೇತಾ ಅಂತ ಒಬ್ಬ ಹುಡುಗಿ ಬರ್ತಾಳೆ ಅಂತ.

"ಅವ್ಳಾದ್ರೂ ಒಂದೇ ಕಿತಕ್ಕೆ ನರ ಇಡೀತಾಳಾ?" ಅಂದರು. ಆಮೇಲೆ ನನ್ನ ಕೈಯನ್ನು ತಮ್ಮ ಸೊಟ್ಟ ಬೆರಳುಗಳಲ್ಲಿ ಹಿಡಿದುಕೊಂಡರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಹೊರಗೆ ಬಂದು ಕೆರೆಯ ತಿರುವಿಗೆ ಬಂದರೆ, ಮುನಿರಾಜು ಬೈಕ್ ನಿಲ್ಲಿಸಿಕೊಂಡು ಅದರ ಮೇಲೆ ಕೂತಿದ್ದ. ನಾನು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದೆ.

"ರಿಟೈರ್ ಆಗ್ತಿದ್ದೀರಂತೆ ಸಾರ್?"

"ಹೂಂ ಕಣಪ್ಪ."

"ನಿಮ್ ಜಾಗಕ್ಕೆ ಬರೋರ್ಗೆ ಹೇಳಿದ್ದೀರಾ?"

"ಏನಂತ?"

"ನಾನ್ ಮನೇಲಿಲ್ದಾಗ್ಲೇ ಬರ್ಬೇಕು ಅಂತ."

ನಾನು ಪಿಳಿಪಿಳಿ ನೋಡಿದೆ. ಅವನಿಗೆ ನಗು ಬಂತು.

"ಹೆಬ್ಬಾಳದ ಡಾಕ್ಟ್ರೇ ಹೇಳಿದ್ರು ಸಾರ್, ನಿಮ್ ತಾಯಿ ರಿಪೋರ್ಟು ತಿಂಗ್ಳು ತಿಂಗ್ಳು ಬರ್ತಾ ಇದೆ, ಗುಡ್ ಅಂತ. ಯಾವ ರಿಪೋರ್ಟು ಅಂತ ಬಾಯಿಗೆ ಬಂದಿತ್ತು, ನುಂಗ್ಕೊಂಡೆ. ಅವತ್ತೇ ಮನೇಗ್ ಬಂದು ಅಮ್ಮನ ಸುಣ್ಣ ಕದ್ದು ನನ್ ನಾಲ್ಗೆಗೆ ಹಚ್ಕೊಂಡು ಸ್ಟ್ರಿಪ್ ಇಟ್ಟೆ. ಹಸಿರು ಬಂತು ಸಾರ್."

ರಿಪೋರ್ಟು ಡಾಕ್ಟರಿಗೆ ಹೋದರೆ ಡಾಕ್ಟರು ಮಗನ ಹತ್ತಿರ ಮಾತಾಡುತ್ತಾರೆ ಅನ್ನುವುದು, ಇಷ್ಟು ಅನುಮಾನದ ನನ್ನ ತಲೆಗೆ ಒಂದು ದಿನವೂ ಬಂದಿರಲಿಲ್ಲ.

"ಮತ್ತೆ ದಿನಾ ಬೆಳಿಗ್ಗೆ ಸ್ಟ್ರಿಪ್ ಇಡ್ತೀಯಲ್ಲ ಇನ್ನೂ?"

"ನಿಲ್ಸಿದ್ರೆ ನಂಗೆ ಗೊತ್ತಾಗಿದೆ ಅಂತ ಅಮ್ಮಂಗೆ ಗೊತ್ತಾಗುತ್ತೆ. ಆಮೇಲೆ ನಿಮ್ಗೆ ರಕ್ತ ಕೊಡ್ತಾರಾ? ನನ್ನಮ್ಮ ಅಲ್ವಾ ಸಾರ್, ನಂಗ್ ಗೊತ್ತಿಲ್ವಾ. ಆ ಟೈ ಕಟ್ಕೊಂಡೋನು ನಂಬರ್ ಬದಲಾಯಿಸಿ ಯಾವ ಕಾಲ ಆಯ್ತೋ. ಪಿಎಚ್ ಪೇಪರ್ ಅಂತ ಮೇಡಂ ಫೋನಲ್ಲಿ ಹೇಳಿದ್ರಲ್ಲ. ಯಶವಂತಪುರದಲ್ಲಿ ಲ್ಯಾಬ್ ಸಾಮಾನಿನ ಅಂಗಡೀಲಿ ಸುರುಳಿ ತರ್ತೀನಿ. ಅಮ್ಮ ಮಲಗಿದ್ ಮೇಲೆ ಕತ್ತರೀಲಿ ಕತ್ತರಿಸಿ ಹಳೇ ಡಬ್ಬೀಗ್ ತುಂಬ್ತೀನಿ."

ಬೀದಿ ತಿರುವಿನಲ್ಲಿ ಅವನು ಹಾರನ್ ಯಾಕೆ ಹೊಡೆಯುತ್ತಿದ್ದ ಅಂತ ನಾನು ಕೇಳಲಿಲ್ಲ. ಅವನು ಹೆಲ್ಮೆಟ್ ಹಾಕಿಕೊಂಡು ಬೈಕನ್ನು ಮನೆಯ ಕಡೆಗಲ್ಲ, ಟೌನಿನ ಕಡೆಗೆ ತಿರುಗಿಸಿದ. ಈಗ ತಾನೇ ನಾನು ಹೊರಗೆ ಬಂದದ್ದಲ್ಲವೇ, ಕೂಡಲೇ ಹೋದರೆ ಅಜ್ಜಿಗೆ ಅನುಮಾನ ಬರುತ್ತದೆ.

ಮಾರನೇ ದಿನ ಶ್ವೇತಾಗೆ ಎಲ್ಲ ಒಪ್ಪಿಸಿದೆ. ಯಂತ್ರದ ಚೇಷ್ಟೆ, ಸ್ಲೈಡಿನ ಪೆಟ್ಟಿಗೆ, ಯಾರು ತಿಂದು ಬಂದು ತಿಂದಿಲ್ಲ ಅನ್ನುತ್ತಾರೆ, ಎಲ್ಲ ಹೇಳಿದೆ. ಪಿಳ್ಳಮ್ಮನವರ ಮನೆಯ ದಾರಿಯನ್ನೂ ಹೇಳಿದೆ. "ಅಲ್ಲಿ ಏನಾದ್ರೂ ವಿಶೇಷ ಇದ್ಯಾ ಅಂಕಲ್?" ಅಂದಳು.

"ಏನಿಲ್ಲಮ್ಮ. ಎಡತೋಳಲ್ಲಿ ನೋಡು, ಬೈದ್ರೆ ಬೈಸ್ಕೋ. ಬೈಕ್ ಹೊರಗಿದ್ರೆ ಮಾತ್ರ ಬೆಲ್ ಒತ್ಬೇಡ" ಅಂದೆ.